ಕಿಡ್ನಿ ಕಸಿ ಆದ ಮೇಲೆ ಹೃದಯ ಕಾಯುವುದು ಹೇಗೆ? ಮನೆಯಲ್ಲೇ ಮಾಡಬೇಕಾದ ಕೆಲಸಗಳು, ಹೆಜ್ಜೆ ಹೆಜ್ಜೆಯಾಗಿ

ನನ್ನ ತಮ್ಮನಿಗೆ ಕಿಡ್ನಿ ಕಸಿ ಆಗಿ ಆರು ವರ್ಷ ಆಯಿತು. ಕಿಡ್ನಿ ಕೊಟ್ಟವಳು ನಾನೇ. ಈಗಲೂ ಹಾಸನದ ನಮ್ಮ ಮನೆಗೆ ಯಾರೇ ಬಂದರೂ ಮೊದಲು ಕೇಳುವುದು ಒಂದೇ ಮಾತು. "ಕ್ರಿಯಾಟಿನಿನ್ ಎಷ್ಟಿದೆ?" ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆಯ ನಂಬರ್ ಅದು. 1.2 ಅಂದರೆ ಎಲ್ಲರಿಗೂ ಸಮಾಧಾನ. ಕಾಫಿ ಕುಡಿದು ಎದ್ದು ಹೋಗುತ್ತಾರೆ.

ಮೊದಲ ವರ್ಷ ನಾವೂ ಹಾಗೇ ಇದ್ದೆವು. ಆ ಒಂದು ನಂಬರ್ ಸರಿ ಇದ್ದರೆ ಎಲ್ಲವೂ ಸರಿ ಅಂದುಕೊಂಡಿದ್ದೆವು. ಅಷ್ಟರಲ್ಲಿ ಅವನ ತೂಕ 11 ಕೆಜಿ ಏರಿತ್ತು. ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಪ್ರತಿ ಸಲ 95, 98 ಬರುತ್ತಿತ್ತು. ಒಂದು ದಿನ ಸಂಜೆ ಐದು ಗಂಟೆಗೆ ಅಮ್ಮ ತನ್ನ ಶುಗರ್ ನೋಡಿಕೊಳ್ಳುತ್ತಿದ್ದಳು. ಅವನೂ ಸುಮ್ನೆ ಬೆರಳು ಚುಚ್ಚಿಕೊಂಡ. ಮಿಷನ್ 286 ತೋರಿಸಿತು. ಕೈ ತೊಳೆದು ಮತ್ತೆ ನೋಡಿದೆವು. 279. ಅಂದರೆ ಎಷ್ಟೋ ತಿಂಗಳಿಂದ ಅವನಿಗೆ ಸಕ್ಕರೆ ಕಾಯಿಲೆ ಇತ್ತು. ನಾವು ದಿನದ ತಪ್ಪು ಹೊತ್ತಿನಲ್ಲಿ ಹುಡುಕುತ್ತಿದ್ದೆವು.

ಆಮೇಲೆ ಡಾಕ್ಟರು ಕೂರಿಸಿಕೊಂಡು ಹೇಳಿದ ಮಾತು ಇದು: ಕಸಿ ಆದವರಲ್ಲಿ ಎಷ್ಟೋ ಜನ ಸಾಯುವಾಗ ಅವರ ಹೊಸ ಕಿಡ್ನಿ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ಆ ಸಾವುಗಳಿಗೆ ದೊಡ್ಡ ಕಾರಣಗಳಲ್ಲಿ ಒಂದು ಹೃದಯದ ಕಾಯಿಲೆ. ಆ ಮಾತು ಕೇಳಿದ ಮೇಲೆ ನಮ್ಮ ಮನೆಯ ಲೆಕ್ಕವೇ ಬದಲಾಯಿತು. ಈಗ ನಾವು ಏನೇನು ಮಾಡುತ್ತೇವೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಮಾತ್ರೆ ಬದಲಿಸುವುದು, ಡೋಸ್ ಹೆಚ್ಚು ಕಡಿಮೆ ಮಾಡುವುದು ನಿಮ್ಮ ಕಸಿ ಡಾಕ್ಟರ ಕೆಲಸ. ಉಳಿದ ಕೆಲಸ ತುಂಬಾ ಇದೆ, ಅದೆಲ್ಲ ನಮ್ಮದೇ.

ಹೃದಯಕ್ಕೆ ಯಾಕೆ ಇಷ್ಟು ಅಪಾಯ?

ಇದಕ್ಕೆ ಹಳೆಯ ಸಾಲ ಒಂದಿದೆ, ಹೊಸ ಸಾಲ ಒಂದಿದೆ.

ಹಳೆಯದು ಕಿಡ್ನಿ ಕೆಟ್ಟ ವರ್ಷಗಳದ್ದು. ಆಗ ಬಿಪಿ ಜಾಸ್ತಿ ಇತ್ತು, ರಕ್ತ ಕಡಿಮೆ ಇತ್ತು, ಮೈಯಲ್ಲಿ ನೀರು ತುಂಬಿತ್ತು. ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟಿಕೊಳ್ಳುತ್ತಿತ್ತು. ಹೃದಯದ ಗೋಡೆ ದಪ್ಪ ಆಗಿತ್ತು. ಹೊಸ ಕಿಡ್ನಿ ಬಂದ ತಕ್ಷಣ ಇದೆಲ್ಲ ಅಳಿಸಿ ಹೋಗುವುದಿಲ್ಲ.

ಹೊಸದು ಮಾತ್ರೆಗಳದ್ದು. ಕಿಡ್ನಿಯನ್ನು ಮೈ ತಿರಸ್ಕರಿಸದ ಹಾಗೆ ತಡೆಯುವ ಮಾತ್ರೆಗಳೇ ಶುಗರ್, ಬಿಪಿ, ಕೊಲೆಸ್ಟ್ರಾಲ್ ಏರಿಸುತ್ತವೆ. ಅವು ಇಲ್ಲದೆ ಕಿಡ್ನಿ ಉಳಿಯಲ್ಲ. ಹಾಗಾಗಿ ಅವುಗಳ ಜೊತೆ ಬಾಳುವುದನ್ನು ಕಲಿಯಬೇಕು.

2025ರ ಜೂನ್ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಸಾಲು ಸಾಲಾಗಿ ಬಂದದ್ದು ನಿಮಗೆ ನೆನಪಿರಬಹುದು. ಜನ ಹೆದರಿ ಬೆಳಗಿನ ಜಾವವೇ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಿಂತರು. ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಮಿತಿಯ ವರದಿಯಲ್ಲಿ ಬಂದದ್ದು ನಮಗೆಲ್ಲ ಗೊತ್ತಿರುವ ಹೆಸರುಗಳೇ: ಸಕ್ಕರೆ ಕಾಯಿಲೆ, ಬಿಪಿ, ಬೊಜ್ಜು, ಸಿಗರೇಟು, ಕುಡಿತ. ಇದರಲ್ಲಿ ಮೊದಲ ಮೂರೂ ಕಸಿ ಆದವರಿಗೆ ಮಾತ್ರೆ ಡಬ್ಬಿಯ ಜೊತೆಗೇ ಬರುತ್ತವೆ. ಉಳಿದವರಿಗೆ ಆ ಭಯ ಎರಡು ತಿಂಗಳಲ್ಲಿ ಇಳಿಯಿತು. ನಾವು ಹಾಗೆ ಮರೆಯುವ ಹಾಗಿಲ್ಲ.

ಹೆಜ್ಜೆ 1: ಯಾವ ಮಾತ್ರೆ ಏನು ಮಾಡುತ್ತದೆ, ತಿಳಿದುಕೊಳ್ಳಿ

ಮಾತ್ರೆಗಳನ್ನು ಒಂದು ಸಲ ಮೇಜಿನ ಮೇಲೆ ಹರಡಿ. ಒಂದೊಂದರ ಎದುರು ಬರೆದಿಡಿ.

ಪ್ರೆಡ್ನಿಸೊಲೋನ್ ಸ್ಟೀರಾಯ್ಡ್. ಹಸಿವು ಜಾಸ್ತಿ ಮಾಡುತ್ತದೆ. ಮುಖ, ಹೊಟ್ಟೆ ತುಂಬಿಕೊಳ್ಳುತ್ತದೆ. ಶುಗರ್ ಏರಿಸುತ್ತದೆ. ಮೊದಲು ದೊಡ್ಡ ಡೋಸ್ ಇರುತ್ತದೆ, ಆಮೇಲೆ ಡಾಕ್ಟರು ಇಳಿಸುತ್ತಾ ಹೋಗುತ್ತಾರೆ. ತುಂಬಾ ಜನರಿಗೆ ಅದು 5 ಮಿಲಿಗ್ರಾಂಗೆ ಬಂದು ನಿಲ್ಲುತ್ತದೆ.

ಟ್ಯಾಕ್ರೊಲಿಮಸ್ ಕಿಡ್ನಿಯ ಮುಖ್ಯ ಕಾವಲುಗಾರ. ಆದರೆ ಇನ್ಸುಲಿನ್ ಮಾಡುವ ಜೀವಕೋಶಗಳಿಗೆ ತೊಂದರೆ ಕೊಡುತ್ತದೆ. ಬಿಪಿಯನ್ನೂ ಏರಿಸುತ್ತದೆ. ಸೈಕ್ಲೋಸ್ಪೋರಿನ್ ತೆಗೆದುಕೊಳ್ಳುವವರಿಗೆ ಶುಗರ್ ತೊಂದರೆ ಸ್ವಲ್ಪ ಕಡಿಮೆ, ಬಿಪಿ ಮತ್ತು ಕೊಲೆಸ್ಟ್ರಾಲ್ ತೊಂದರೆ ಜಾಸ್ತಿ. ಸಿರೊಲಿಮಸ್, ಎವರೊಲಿಮಸ್ ಕೊಲೆಸ್ಟ್ರಾಲ್ ಮತ್ತು ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) ಏರಿಸುತ್ತವೆ. ಮೈಕೋಫಿನೊಲೇಟ್ ಈ ವಿಷಯದಲ್ಲಿ ಸಾಧು.

ಇದನ್ನು ಓದಿ ಯಾರೂ ಸ್ಟೀರಾಯ್ಡ್ ನಿಲ್ಲಿಸಬೇಡಿ. "ದಪ್ಪ ಆಗ್ತಿದೀನಿ" ಅಂತ ಹೇಳದೆ ಕೇಳದೆ ಬಿಟ್ಟು ಕಿಡ್ನಿ ಕಳೆದುಕೊಂಡವರಿದ್ದಾರೆ. ಬ್ರ್ಯಾಂಡ್ ವಿಷಯವೂ ಹಾಗೇ. ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳನ್ನು ಜನೌಷಧಿ ಅಂಗಡಿಯಲ್ಲಿ ಧಾರಾಳವಾಗಿ ತನ್ನಿ, ದುಡ್ಡು ಉಳಿಯುತ್ತದೆ. ಟ್ಯಾಕ್ರೊಲಿಮಸ್ ಮಾತ್ರ ಡಾಕ್ಟರಿಗೆ ಹೇಳದೆ ಕಂಪನಿ ಬದಲಿಸಬೇಡಿ. ಬದಲಿಸಿದರೆ ರಕ್ತದಲ್ಲಿ ಅದರ ಮಟ್ಟ ಮತ್ತೆ ನೋಡಬೇಕಾಗುತ್ತದೆ.

ಹೆಜ್ಜೆ 2: ಒಂದು ನೋಟ್‌ಬುಕ್, ನಾಲ್ಕು ಲೆಕ್ಕ

ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ನಮ್ಮದು ಫ್ರಿಜ್ ಮೇಲೆ ಇರುತ್ತದೆ, ಪೆನ್ನು ದಾರದಲ್ಲಿ ಕಟ್ಟಿದೆ. ಫೋನಿನ ಆ್ಯಪ್‌ಗಿಂತ ಇದೇ ವಾಸಿ, ಮನೆಯ ಎಲ್ಲರ ಕಣ್ಣಿಗೂ ಬೀಳುತ್ತದೆ.

ತೂಕ: ಬೆಳಿಗ್ಗೆ ಎದ್ದು ಮೂತ್ರ ಮಾಡಿ ಬಂದ ಮೇಲೆ, ಏನೂ ತಿನ್ನುವ ಮೊದಲು. ಮೊದಲ ಕೆಲವು ತಿಂಗಳು ದಿನಾ, ಆಮೇಲೆ ವಾರಕ್ಕೊಮ್ಮೆ. ಎರಡೇ ದಿನದಲ್ಲಿ ಒಂದೂವರೆ ಎರಡು ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ತಿಂಗಳಿಗೆ ಒಂದು ಕೆಜಿಯಂತೆ ಮೆಲ್ಲಗೆ ಏರುತ್ತಿದ್ದರೆ ಅದು ಅಡುಗೆಮನೆಯ ಲೆಕ್ಕ.

ಸೊಂಟದ ಸುತ್ತಳತೆ: ಟೈಲರ್ ಟೇಪ್ ತೆಗೆದುಕೊಳ್ಳಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಸುತ್ತಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಭಾರತದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ತೂಕಕ್ಕಿಂತ ಈ ಲೆಕ್ಕವೇ ಹೃದಯದ ಬಗ್ಗೆ ಜಾಸ್ತಿ ಹೇಳುತ್ತದೆ ಅಂತ ನನ್ನ ಅಭಿಪ್ರಾಯ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಬಂದಿರುವ ಮೈಕಟ್ಟು ನಮ್ಮಲ್ಲಿ ತುಂಬಾ ಜನಕ್ಕಿದೆ. ಸ್ಟೀರಾಯ್ಡ್ ಮಾಡುವುದೂ ಅದನ್ನೇ.

ಬಿಪಿ: ತೋಳಿಗೆ ಪಟ್ಟಿ ಕಟ್ಟುವ ಡಿಜಿಟಲ್ ಮಿಷನ್ ಕೊಳ್ಳಿ, ಮಣಿಕಟ್ಟಿನದ್ದು ಬೇಡ. ಡಯಾಲಿಸಿಸ್‌ಗೆ ಮಾಡಿದ ಫಿಸ್ಟುಲಾ (ಎರಡು ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಯಲ್ಲಿ ಬಿಪಿ ನೋಡಬಾರದು. ಆ ಕೈಯಲ್ಲಿ ರಕ್ತ ತೆಗೆಯಲೂ ಬಿಡಬಾರದು. ಐದು ನಿಮಿಷ ಬೆನ್ನು ಒರಗಿಸಿ ಕೂತು, ಮಾತಾಡದೆ, ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಬೆಳಿಗ್ಗೆ ಮಾತ್ರೆಗೆ ಮೊದಲು ಒಮ್ಮೆ, ರಾತ್ರಿ ಒಮ್ಮೆ. ಕಾಫಿ ಕುಡಿದ ತಕ್ಷಣ ನೋಡಬೇಡಿ. ನಮ್ಮ ಕಡೆ ಇದನ್ನು ಪಾಲಿಸುವುದು ಕಷ್ಟ, ಆದರೂ ಅರ್ಧ ಗಂಟೆ ಕಾಯಿರಿ. ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋ 2021ರಲ್ಲಿ ಕಸಿ ಆದವರಿಗೆ ಹೇಳಿರುವ ಗುರಿ 130/80ಕ್ಕಿಂತ ಕಡಿಮೆ. ನಿಮ್ಮ ಗುರಿ ಎಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಿ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ. ಎದ್ದು ನಿಂತಾಗ ತಲೆ ಸುತ್ತಿದರೆ ಅದನ್ನೂ ಬರೆಯಿರಿ.

ನಾಲ್ಕನೆಯದು ಶುಗರ್. ಅದಕ್ಕೆ ಬೇರೆ ಹೆಜ್ಜೆಯೇ ಬೇಕು.

ಹೆಜ್ಜೆ 3: ಶುಗರ್ ನೋಡಬೇಕಾದ್ದು ಮಧ್ಯಾಹ್ನ ಮತ್ತು ಸಂಜೆ

ನಾವು ಎಡವಿದ್ದು ಇಲ್ಲೇ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸ್ಟೀರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ತಿಂಡಿಯ ಜೊತೆ ನುಂಗುತ್ತೇವೆ. ಅದರ ಪ್ರಭಾವ ಮಧ್ಯಾಹ್ನದಿಂದ ಸಂಜೆವರೆಗೆ ಜೋರಾಗಿರುತ್ತದೆ. ರಾತ್ರಿ ಇಳಿಯುತ್ತದೆ. ಬೆಳಗಾಗುವ ಹೊತ್ತಿಗೆ ಶುಗರ್ ನಾರ್ಮಲ್ ಆಗಿರುತ್ತದೆ. ಲ್ಯಾಬ್‌ಗೆ ನಾವು ಹೋಗುವುದು ಯಾವಾಗ? ಬೆಳಿಗ್ಗೆ ಏಳಕ್ಕೆ, ಖಾಲಿ ಹೊಟ್ಟೆಯಲ್ಲಿ. ಹಾಗಾಗಿ ರಿಪೋರ್ಟ್ ಚೆನ್ನಾಗಿ ಬರುತ್ತದೆ, ಕಾಯಿಲೆ ಒಳಗೇ ಬೆಳೆಯುತ್ತದೆ.

ಮನೆಯಲ್ಲಿ ಗ್ಲೂಕೋಮೀಟರ್ ಇರಲಿ. ಮಧ್ಯಾಹ್ನ ಊಟಕ್ಕೆ ಕೂತು ಎರಡು ಗಂಟೆ ಆದ ಮೇಲೆ ಒಮ್ಮೆ, ರಾತ್ರಿ ಊಟಕ್ಕೆ ಮೊದಲು ಒಮ್ಮೆ ನೋಡಿ. ಮೊದಲ ತಿಂಗಳುಗಳಲ್ಲಿ ಎಷ್ಟು ದಿನಕ್ಕೊಮ್ಮೆ ಅಂತ ಡಾಕ್ಟರು ಹೇಳುತ್ತಾರೆ. ಎಲ್ಲ ಸರಿ ಇದೆ ಅಂದರೂ ವಾರಕ್ಕೆ ಒಂದೆರಡು ಸಲ ಬಿಡಬೇಡಿ. ಬೆರಳು ಚುಚ್ಚುವ ಮೊದಲು ಸೋಪಿನಲ್ಲಿ ಕೈ ತೊಳೆದು ಒರೆಸಿ. ಬಾಳೆಹಣ್ಣು ಸುಲಿದ ಕೈಯಲ್ಲಿ ನೋಡಿದರೆ ಸುಳ್ಳು ಲೆಕ್ಕ ಬರುತ್ತದೆ.

ಕಸಿ ಆದ ಮೊದಲ ವಾರಗಳಲ್ಲಿ ಹೆಚ್ಚಿನವರಿಗೆ ಶುಗರ್ ಏರುತ್ತದೆ. ಸ್ಟೀರಾಯ್ಡ್ ಡೋಸ್ ದೊಡ್ಡದಿರುತ್ತದೆ, ಅಲ್ವಾ? ಅದಕ್ಕೇ "ಕಸಿ ನಂತರದ ಸಕ್ಕರೆ ಕಾಯಿಲೆ" ಅಂತ ಹೆಸರಿಡಲು ಡಾಕ್ಟರು ಸುಮಾರು 45 ದಿನ ಕಾಯುತ್ತಾರೆ. ಹೆಸರಿಡದಿದ್ದರೂ ಚಿಕಿತ್ಸೆ ಆಗಲೇ ಶುರು ಆಗಿರುತ್ತದೆ. ಶುರುವಲ್ಲೇ ಇನ್ಸುಲಿನ್ ಕೊಟ್ಟರೆ ಗಾಬರಿ ಆಗಬೇಡಿ. ಜೀವನಪೂರ್ತಿ ಚುಚ್ಚಿಕೊಳ್ಳಬೇಕು ಅಂತ ಅಲ್ಲ. ಸ್ಟೀರಾಯ್ಡ್ ಇಳಿದ ಹಾಗೆ ಎಷ್ಟೋ ಜನರಿಗೆ ಇನ್ಸುಲಿನ್ನೂ ಇಳಿಯುತ್ತದೆ. ಹಾಗೆ ಇಳಿಯುವ ವಾರಗಳಲ್ಲೇ ಲೋ ಶುಗರ್ ಆಗುವ ಭಯ ಜಾಸ್ತಿ. ಬೆವರು, ನಡುಕ, ಕಣ್ಣು ಮಂಜು ಆದರೆ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಮೊದಲ ತಿಂಗಳುಗಳಲ್ಲಿ ಅಷ್ಟಾಗಿ ನಂಬಬೇಡಿ. ರಕ್ತ ಹಾಕಿಸಿಕೊಂಡಿದ್ದರೆ, ರಕ್ತ ಕಡಿಮೆ ಇದ್ದರೆ, ಹೊಸ ಕಿಡ್ನಿಯಿಂದ ಹೊಸ ರಕ್ತ ಬೇಗ ಬೇಗ ಹುಟ್ಟುತ್ತಿದ್ದರೆ ಅದು ನಿಜಕ್ಕಿಂತ ಕಡಿಮೆ ತೋರಿಸಬಹುದು. ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆ ಹೆಚ್ಚು ನಂಬಿಕೆಯದ್ದು. ಅದರಲ್ಲಿ 200 ಅಥವಾ ಜಾಸ್ತಿ ಬಂದರೆ ಸಕ್ಕರೆ ಕಾಯಿಲೆ ಅಂತಲೇ ಲೆಕ್ಕ. ಖಾಲಿ ಹೊಟ್ಟೆಯ ಗಡಿ 126.

ಯಾರಿಗೆ ಹೆಚ್ಚು ಎಚ್ಚರ ಬೇಕು? ಮನೆಯಲ್ಲಿ ತಂದೆ ತಾಯಿಗೆ ಶುಗರ್ ಇದ್ದವರಿಗೆ, 45 ವರ್ಷ ದಾಟಿದವರಿಗೆ, ಕಸಿಗೆ ಮೊದಲೇ ದಪ್ಪ ಇದ್ದವರಿಗೆ, ಹೆಪಟೈಟಿಸ್ ಸಿ ಇದ್ದವರಿಗೆ. ನಮ್ಮ ಅಮ್ಮನಿಗೆ ಹದಿನೈದು ವರ್ಷದಿಂದ ಶುಗರ್ ಇದೆ. ಆದರೂ ನಮಗೆ ಹೊಳೆಯಲಿಲ್ಲ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್ಸುಲಿನ್ ಕೆಟ್ಟೀತು ಅಂತ ಮೂಡಿಗೆರೆ, ಕೊಪ್ಪ ಕಡೆಯವರು ಹೆದರುವುದನ್ನು ಕೇಳಿದ್ದೇನೆ. ಬಳಸುತ್ತಿರುವ ಬಾಟಲಿ 25 ಡಿಗ್ರಿ ಆಸುಪಾಸಿನ ತಂಪಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅಷ್ಟು ತಂಪು ಇದ್ದೇ ಇರುತ್ತದೆ. ಒಲೆಯ ಹತ್ತಿರ ಇಡಬೇಡಿ, ಅಷ್ಟೇ.

ಹೆಜ್ಜೆ 4: ಅಡುಗೆಮನೆ

ಡಯಾಲಿಸಿಸ್ ಕಾಲದಲ್ಲಿ ತಮ್ಮ ಬಾಯಿ ಕಟ್ಟಿಕೊಂಡು ಬದುಕಿದ. ನೀರು ಅಳತೆ ಮಾಡಿ ಕುಡಿದ. ಹಣ್ಣು ಮುಟ್ಟಲಿಲ್ಲ. ಸೊಪ್ಪನ್ನು ಬೇಯಿಸಿ ನೀರು ಚೆಲ್ಲಿ ತಿಂದ. ಕಸಿ ಆದ ಮೇಲೆ ನಾಲಿಗೆಗೆ ರುಚಿ ವಾಪಸ್ ಬಂತು. ಸ್ಟೀರಾಯ್ಡ್‌ನಿಂದ ಹಸಿವೂ ಬಂತು. ಬಂದ ನೆಂಟರೆಲ್ಲ "ಪಾಪ, ಎಷ್ಟು ವರ್ಷ ಉಪವಾಸ ಇದ್ದ" ಅಂತ ಹೋಳಿಗೆ, ಚಕ್ಕುಲಿ, ಕೋಳಿ ಸಾರು ತಂದರು. ಅವರ ಪ್ರೀತಿಗೆ ನಾನು ಯಾವತ್ತೂ ಋಣಿ. ಆದರೆ ಆ 11 ಕೆಜಿ ಬಂದದ್ದೂ ಆ ಪ್ರೀತಿಯಿಂದಲೇ. ಮನೆಯಲ್ಲಿ ಒಬ್ಬರು ಗಟ್ಟಿಯಾಗಿ "ಬೇಡ" ಅನ್ನಲೇಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು.

ತಟ್ಟೆಯ ಲೆಕ್ಕ ಹೀಗೆ. ಅರ್ಧ ತಟ್ಟೆ ಪಲ್ಯ, ಸೊಪ್ಪು, ಸೌತೆಕಾಯಿ. ಕಾಲು ತಟ್ಟೆ ಮುದ್ದೆ ಅಥವಾ ಅನ್ನ. ಉಳಿದ ಕಾಲು ಭಾಗಕ್ಕೆ ಹುರುಳಿ, ಹೆಸರುಕಾಳು, ಅವರೆಕಾಳು, ಮೊಟ್ಟೆ, ಮೀನು. ಪಲ್ಯ ಮತ್ತು ಕಾಳನ್ನು ಮೊದಲು ತಿನ್ನಿ, ಮುದ್ದೆ ಆಮೇಲೆ. ಇಷ್ಟೇ ಬದಲಾವಣೆಯಿಂದ ಊಟದ ನಂತರದ ಶುಗರ್ ಕಡಿಮೆ ಏರುತ್ತದೆ. ಅದನ್ನು ನಾವೇ ಮಿಷನ್ನಿನಲ್ಲಿ ನೋಡಿದ್ದೇವೆ.

"ಮುದ್ದೆ ತಿಂದರೆ ಶುಗರ್ ಏರಲ್ಲ" ಅನ್ನುವುದು ನಮ್ಮ ಜಿಲ್ಲೆಯ ದೊಡ್ಡ ನಂಬಿಕೆ. ಏರುತ್ತದೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಇದೆ, ಒಳ್ಳೆಯ ಧಾನ್ಯ. ಆದರೆ ದೊಡ್ಡ ಮುದ್ದೆ ಎರಡು ಇಳಿಸಿದರೆ ಅದೂ ಹಿಟ್ಟೇ ತಾನೆ? ಕಿತ್ತಳೆ ಗಾತ್ರದ ಒಂದು ಸಾಕು. ಜೊತೆಗೆ ಬಸ್ಸಾರು, ಸೊಪ್ಪಿನ ಪಲ್ಯ ಧಾರಾಳವಾಗಿರಲಿ. ಅಕ್ಕಿ ರೊಟ್ಟಿ, ಕಡುಬಿಗೂ ಇದೇ ಮಾತು. ಹಾಸನದ ಆಲೂಗಡ್ಡೆ ಎಷ್ಟೇ ರುಚಿ ಇರಲಿ, ಅದನ್ನು ತರಕಾರಿ ಲೆಕ್ಕಕ್ಕೆ ಹಾಕಬೇಡಿ, ಅನ್ನದ ಲೆಕ್ಕಕ್ಕೆ ಹಾಕಿ.

ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಸಣ್ಣ ಚಮಚ. ಎಲ್ಲ ಸೇರಿ ಅಷ್ಟು. ಸಾರಿಗೆ ಹಾಕುವ ಉಪ್ಪಿಗಿಂತ ಹೆಚ್ಚು ಅಪಾಯ ಬದಿಯಲ್ಲಿ ಕೂತಿರುತ್ತದೆ. ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪು ಮೆಣಸಿನಕಾಯಿ, ಒಣಮೀನು, ಬೇಕರಿಯ ಖಾರ ಬಿಸ್ಕತ್ತು. ಊರೂರಿಗೆ ಬೇಕರಿಯವರನ್ನು ಕಳಿಸಿದ ಜಿಲ್ಲೆ ನಮ್ಮದು. ಆದರೂ ಹೇಳುತ್ತೇನೆ, ಪಫ್ಸ್ ಮತ್ತು ಬೆಣ್ಣೆ ಬಿಸ್ಕತ್ತು ತಿಂಗಳಿಗೊಮ್ಮೆ ಸಾಕು.

ಒಂದು ಮುಖ್ಯ ವಿಷಯ. ಅಂಗಡಿಯಲ್ಲಿ "ಲೋ ಸೋಡಿಯಂ" ಅಂತ ಸಿಗುವ ಉಪ್ಪು ನಮ್ಮವರಿಗೆ ಬೇಡ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಟ್ಯಾಕ್ರೊಲಿಮಸ್ ಮೊದಲೇ ಪೊಟ್ಯಾಸಿಯಂ ಏರಿಸುವ ಮಾತ್ರೆ. ಕೆಲವು ಬಿಪಿ ಮಾತ್ರೆಗಳೂ ಏರಿಸುತ್ತವೆ. ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಎಳನೀರು, ಬಾಳೆಹಣ್ಣಿನ ವಿಷಯದಲ್ಲೂ ಇತ್ತೀಚಿನ ಪೊಟ್ಯಾಸಿಯಂ ರಿಪೋರ್ಟ್ ನೋಡಿಕೊಂಡೇ ಮುಂದುವರಿಯಿರಿ.

ಎಣ್ಣೆ ತಲೆಗೆ ತಿಂಗಳಿಗೆ ಅರ್ಧ ಲೀಟರ್. ನಾವು ಮನೆಯವರಷ್ಟೂ ಜನದ ಲೆಕ್ಕ ಹಾಕಿ ಒಂದೇ ಸಲ ತರುತ್ತೇವೆ. ಮುಗಿದರೆ ಮುಗಿಯಿತು. ಅರಸೀಕೆರೆ, ಕಡೂರು ಕಡೆಯವರಿಗೆ ತೆಂಗು ಬಿಡಿ ಅಂದರೆ ನಡೆಯಲ್ಲ, ನನಗೆ ಗೊತ್ತು. ಒಗ್ಗರಣೆ ಮೇಲೆ ಒಂದು ಚಮಚ ತುರಿ ಇರಲಿ. ಕೊಬ್ಬರಿ ಎಣ್ಣೆಯಲ್ಲಿ ಕರಿಯುವುದು, ಪ್ರತಿ ಸಾರಿಗೂ ಅರ್ಧ ಹೋಳು ರುಬ್ಬುವುದು ಬೇಡ. ಸಕಲೇಶಪುರ, ಮೂಡಿಗೆರೆ ಕಡೆ ಹಬ್ಬ ಅಂದರೆ ಕಡುಬು, ಹಂದಿ ಸಾರು. ಕೊಬ್ಬು ತೆಗೆದ ಎರಡು ಮೂರು ತುಂಡು ಸಾಕು, ಅದೂ ಚೆನ್ನಾಗಿ ಬೆಂದಿರಬೇಕು.

ಕಾಫಿ? ದಿನಕ್ಕೆ ಎರಡು ಲೋಟ ಕುಡಿಯಲು ನಮ್ಮ ಡಾಕ್ಟರು ಬಿಟ್ಟಿದ್ದಾರೆ. ಸಕ್ಕರೆ ಇಲ್ಲದೆ. ಬೆಲ್ಲ ಹಾಕಿದರೆ ಪರವಾಗಿಲ್ಲ ಅನ್ನುವುದು ಸುಳ್ಳು, ಶುಗರ್‌ಗೆ ಎರಡೂ ಒಂದೇ.

ಹೆಜ್ಜೆ 5: ಮಾತ್ರೆಯ ಜೊತೆ ಸೇರಬಾರದವು

ಚಕ್ಕೋತ. ಮಲೆನಾಡಿನ ಎಷ್ಟೋ ಹಿತ್ತಲಲ್ಲಿ ಈ ಮರ ಇದೆ. ದ್ರಾಕ್ಷಿಹಣ್ಣಿನ ಹೆಸರಿಟ್ಟುಕೊಂಡ ವಿದೇಶಿ ಹುಳಿಹಣ್ಣು ಗ್ರೇಪ್‌ಫ್ರೂಟ್ ಇದರ ಸಂಬಂಧಿ. ಎರಡೂ ಕರುಳಿನಲ್ಲಿ ಟ್ಯಾಕ್ರೊಲಿಮಸ್ ಅನ್ನು ಒಡೆಯುವ ಕೆಲಸಕ್ಕೆ ಅಡ್ಡ ಬರುತ್ತವೆ. ರಕ್ತದಲ್ಲಿ ಮಾತ್ರೆಯ ಮಟ್ಟ ಏರುತ್ತದೆ. ಕಿಡ್ನಿಗೂ ಕೇಡು, ಶುಗರ್‌ಗೂ ಕೇಡು. ನಕ್ಷತ್ರದ ಆಕಾರದ ಧಾರೆಹುಳಿ ಮತ್ತು ಬಿಂಬುಳಿಯೂ ಬೇಡ. ಅವುಗಳಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕಿಡ್ನಿಯಲ್ಲಿ ಹರಳುಗಟ್ಟುತ್ತದೆ.

ಅಮೃತಬಳ್ಳಿ ಕಷಾಯವನ್ನು ದಯವಿಟ್ಟು ಕೊಡಬೇಡಿ. ಅದು ಮೈಯ ರಕ್ಷಣಾ ಶಕ್ತಿಯನ್ನು ಎಬ್ಬಿಸುತ್ತದೆ ಅಂತಲೇ ಜನ ಕುಡಿಯುವುದು. ನಾವು ಮಾತ್ರೆ ನುಂಗುವುದು ಅದೇ ಶಕ್ತಿಯನ್ನು ಮಲಗಿಸಲು. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳೂ ಕೋವಿಡ್ ಕಾಲದಲ್ಲಿ ಭಾರತದಲ್ಲೇ ವರದಿಯಾಗಿವೆ. ಶುಗರ್‌ಗೆ ಅಂತ ಕೊಡುವ ಹೆಸರಿಲ್ಲದ ಪುಡಿ, ಬೇರು ಯಾವುದೂ ಬೇಡ.

ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಬೇಡ. ಅವು ಕಿಡ್ನಿಗೂ ಕೆಟ್ಟವು, ಬಿಪಿಗೂ ಹೃದಯಕ್ಕೂ ಕೆಟ್ಟವು. ಪ್ಯಾರಾಸಿಟಮಾಲ್ ನಡೆಯುತ್ತದೆ.

ಒಂದು ಸಲ ತಮ್ಮನಿಗೆ ಕೆಮ್ಮು ಬಂತು. ಹತ್ತಿರದ ಕ್ಲಿನಿಕ್‌ನಲ್ಲಿ ಕ್ಲಾರಿಥ್ರೋಮೈಸಿನ್ ಬರೆದುಕೊಟ್ಟರು. ಕಸಿಯ ವಿಷಯ ನಾವು ಬಾಯಿ ಬಿಟ್ಟು ಹೇಳಿರಲಿಲ್ಲ. ನಾಲ್ಕನೇ ದಿನಕ್ಕೆ ಕೈ ನಡುಗಲು ಶುರುವಾಯಿತು, ಲೋಟ ಹಿಡಿಯಲು ಆಗಲಿಲ್ಲ. ಟ್ಯಾಕ್ರೊಲಿಮಸ್ ಮಟ್ಟ ಎರಡು ಪಟ್ಟಿಗಿಂತ ಜಾಸ್ತಿ ಆಗಿತ್ತು. ಎರಿಥ್ರೋಮೈಸಿನ್, ಫ್ಲುಕೊನಜೋಲ್, ಬಿಪಿಗೆ ಕೊಡುವ ಡಿಲ್ಟಿಯಾಜೆಮ್ ಕೂಡ ಹೀಗೇ ಏರಿಸುತ್ತವೆ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್ ಇಳಿಸುತ್ತವೆ. ಅದಕ್ಕೇ ಯಾವ ಡಾಕ್ಟರ ಮುಂದೆ ಕೂತರೂ ಮೊದಲ ವಾಕ್ಯ ಇದೇ ಇರಲಿ: "ನನಗೆ ಕಿಡ್ನಿ ಕಸಿ ಆಗಿದೆ, ಟ್ಯಾಕ್ರೊಲಿಮಸ್ ತಗೋತೀನಿ."

ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಪೂರ್ತಿ ಬಿಡಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಎಲೆ ಅಡಿಕೆಯ ಬಗ್ಗೆ ಹೇಳುವಾಗ ನನಗೆ ಸಂಕಟ ಆಗುತ್ತದೆ. ನಮ್ಮ ಕಡೆ ಸಾವಿರಾರು ಮನೆಗಳಿಗೆ ಅಡಿಕೆ ಅನ್ನ ಕೊಡುವ ಬೆಳೆ. ಆದರೂ ಕಸಿ ಆದವರು ಅಗಿಯಬಾರದು. ರಕ್ಷಣಾ ಶಕ್ತಿ ತಗ್ಗಿರುವ ಮೈಯಲ್ಲಿ ಬಾಯಿ ಕ್ಯಾನ್ಸರ್ ಭಯ ಇನ್ನೂ ಜಾಸ್ತಿ.

ಹೆಜ್ಜೆ 6: ನಡಿಗೆ

ಹೊಲಿಗೆ ಗಟ್ಟಿ ಆಗುವವರೆಗೆ, ಸಾಮಾನ್ಯವಾಗಿ ಆರರಿಂದ ಎಂಟು ವಾರ, ಭಾರ ಎತ್ತಬೇಡಿ. ನಡೆಯುವುದನ್ನು ಮಾತ್ರ ಆಸ್ಪತ್ರೆಯಿಂದಲೇ ಶುರು ಮಾಡಿ. ಹತ್ತು ನಿಮಿಷದಿಂದ ಶುರುವಾಗಿ ಅರ್ಧ ಗಂಟೆಗೆ ಬನ್ನಿ, ವಾರಕ್ಕೆ ಐದು ದಿನ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಚುರುಕು ಸಾಕು. ಹಾಸನದವರಿಗೆ ಮಹಾರಾಜ ಪಾರ್ಕ್ ಇದೆ, ಚಿಕ್ಕಮಗಳೂರಿನವರಿಗೆ ರತ್ನಗಿರಿ ಬೋರೆ ಇದೆ. ಮಳೆಗಾಲದಲ್ಲಿ ಜಗಲಿಯಲ್ಲೇ ಸುತ್ತು ಹಾಕಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಆ ಸಂಜೆಯ ಶುಗರ್ ಇಳಿಯುವುದು ಕಣ್ಣಿಗೇ ಕಾಣುತ್ತದೆ.

ಸ್ಟೀರಾಯ್ಡ್ ತೊಡೆಯ ಸ್ನಾಯು ಕರಗಿಸುತ್ತದೆ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದನ್ನು ದಿನಾ ಮಾಡಿ. ನಡೆಯುವಾಗ ಎದೆ ಬಿಗಿದರೆ, ಮೊದಲಿಗಿಂತ ಬೇಗ ದಮ್ಮು ಬಂದರೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ. ಫಿಸ್ಟುಲಾ ತುಂಬಾ ದೊಡ್ಡದಾಗಿ ಉಬ್ಬಿದ್ದರೆ ಅದರಿಂದಲೂ ಹೃದಯಕ್ಕೆ ಹೊರೆ ಬೀಳುತ್ತದೆ. ಅದನ್ನೂ ತೋರಿಸಿ.

ಹೆಜ್ಜೆ 7: ಕೊಲೆಸ್ಟ್ರಾಲ್ ಮಾತ್ರೆಗೆ ಹೆದರಬೇಡಿ

"ಕೊಲೆಸ್ಟ್ರಾಲ್ ನಾರ್ಮಲ್ ಇದೆ, ಮತ್ತೆ ಸ್ಟಾಟಿನ್ ಯಾಕೆ?" ಅಂತ ತಮ್ಮ ಕೇಳಿದ್ದ. ಕಸಿ ಆದವರಿಗೆ ಆ ಮಾತ್ರೆ ಕೊಡುವುದು ನಂಬರ್ ನೋಡಿ ಮಾತ್ರ ಅಲ್ಲ, ಒಟ್ಟು ಅಪಾಯ ನೋಡಿ. 2003ರಲ್ಲಿ ಪ್ರಕಟವಾದ ಅಲರ್ಟ್ ಅನ್ನುವ ಅಧ್ಯಯನದಲ್ಲಿ ಕಸಿ ಆದ 2,102 ಜನರನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಫ್ಲುವಾಸ್ಟಾಟಿನ್ ತೆಗೆದುಕೊಂಡವರಲ್ಲಿ ಹೃದಯದ ಕಾರಣದ ಸಾವು ಮತ್ತು ಹೃದಯಾಘಾತ ಎರಡೂ ಸೇರಿ ಸುಮಾರು ಮೂರನೇ ಒಂದು ಭಾಗ ಕಡಿಮೆ ಆಗಿದ್ದವು.

ಎಚ್ಚರಿಕೆ ಒಂದಿದೆ. ಸೈಕ್ಲೋಸ್ಪೋರಿನ್ ಜೊತೆ ಕೆಲವು ಸ್ಟಾಟಿನ್‌ಗಳು, ಮುಖ್ಯವಾಗಿ ಸಿಮ್ವಾಸ್ಟಾಟಿನ್, ಸೇರಬಾರದು. ಸ್ನಾಯು ಕರಗಿ ಕಿಡ್ನಿಗೆ ಪೆಟ್ಟು ಬೀಳಬಹುದು. ಕಾರಣವಿಲ್ಲದೆ ತೊಡೆ, ತೋಳು ನೋಯತೊಡಗಿದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ತಕ್ಷಣ ತಿಳಿಸಿ.

ಹೆಜ್ಜೆ 8: ಚೆಕಪ್‌ಗೆ ಹೋಗುವ ದಿನ

ಹಾಸನ, ಚಿಕ್ಕಮಗಳೂರು ಜಿಲ್ಲೆಯವರಾದ ನಾವು ಕಸಿಯ ಚೆಕಪ್‌ಗೆ ಹೆಚ್ಚಾಗಿ ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲಕ್ಕೆ ಹೋಗುತ್ತೇವೆ. ಹಾಸನದಿಂದ ಬೆಂಗಳೂರೇ 180 ಕಿಲೋಮೀಟರ್ ದೂರ. ಬೆಳಗಿನ ಜಾವ ಹೊರಡುವಾಗ ಅಭ್ಯಾಸ ಬಲದಿಂದ ಮಾತ್ರೆ ನುಂಗಿಬಿಡುತ್ತಾರೆ. ಟ್ಯಾಕ್ರೊಲಿಮಸ್ ಮಟ್ಟ ನೋಡುವ ರಕ್ತವನ್ನು ಬೆಳಗಿನ ಮಾತ್ರೆಗೆ ಮೊದಲೇ ಕೊಡಬೇಕು, ರಾತ್ರಿಯ ಮಾತ್ರೆ ಆಗಿ ಹನ್ನೆರಡು ಗಂಟೆ ಆಗಿರಬೇಕು. ನುಂಗಿ ಕೊಟ್ಟರೆ ಮಟ್ಟ ಸುಳ್ಳೇ ಜಾಸ್ತಿ ಬರುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ಕಿಡ್ನಿಗೆ ಅಪಾಯ. ಮಾತ್ರೆಯನ್ನು ಜೇಬಲ್ಲಿ ಇಟ್ಟುಕೊಳ್ಳಿ, ರಕ್ತ ಕೊಟ್ಟ ತಕ್ಷಣ ನುಂಗಿ.

ನೋಟ್‌ಬುಕ್ ಮರೆಯಬೇಡಿ. ಕ್ರಿಯಾಟಿನಿನ್ ಜೊತೆಗೆ ಇನ್ನೂ ಕೆಲವನ್ನು ಕೇಳಿ: ಮೂತ್ರದಲ್ಲಿ ಪ್ರೋಟೀನ್ ಇದೆಯಾ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಷ್ಟು, ಕೊಲೆಸ್ಟ್ರಾಲ್ ಯಾವಾಗ ನೋಡಿದ್ದು, ಇಸಿಜಿ ಮತ್ತು ಎಕೋ ಯಾವಾಗ ಮಾಡಿಸಬೇಕು, ಫ್ಲೂ ಲಸಿಕೆ ಯಾವಾಗ. ಶುಗರ್‌ಗೆ ಮಾತ್ರೆ ಬರೆದರೆ ಈಗಿನ ಕಿಡ್ನಿ ಕೆಲಸಕ್ಕೆ ಅದು ಸರಿಯಾ ಅಂತ ಕೇಳಿ. ಮೆಟ್‌ಫಾರ್ಮಿನ್‌ನಂಥ ಮಾತ್ರೆಯ ಡೋಸ್ ಕಿಡ್ನಿ ನೋಡಿಯೇ ನಿರ್ಧಾರ ಆಗುವುದು.

ಜೂನ್ ಬರುವ ಮೊದಲೇ ಮೂರು ವಾರದ ಮಾತ್ರೆ ಹೆಚ್ಚಿಗೆ ತಂದಿಡಿ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ದಾರಿ ಯಾವಾಗ ತೆರೆಯುತ್ತದೋ ಹೇಳಲಾಗದು.

ಹೆಜ್ಜೆ 9: ಎದೆ ನೋವು ಬಂದರೆ ಏನು ಮಾಡಬೇಕು, ಇವತ್ತೇ ತೀರ್ಮಾನಿಸಿ

ಶುಗರ್ ಇರುವವರಿಗೆ ಹೃದಯಾಘಾತ ಆದಾಗ ಎದೆ ನೋವೇ ಬರದೆ ಇರಬಹುದು. ತಣ್ಣನೆ ಬೆವರು, ದಮ್ಮು, ದವಡೆ ಅಥವಾ ತೋಳಿನ ನೋವು, ವಾಂತಿ ಬಂದ ಹಾಗೆ ಆಗುವುದು, ಏಕಾಏಕಿ ಸುಸ್ತು. "ಗ್ಯಾಸ್ಟ್ರಿಕ್ ಇರಬೇಕು" ಅಂತ ಸೋಡಾ ಕುಡಿಸಿ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಬೆಂಗಳೂರಿಗೇ ಹೋಗೋಣ ಅಂತ ಕಾರು ಹತ್ತಬೇಡಿ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ತಜ್ಞರಿಗೆ ಕಳಿಸುವ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇದೆಯಾ ಅಂತ ಆರಾಮಾಗಿದ್ದಾಗಲೇ ಹೋಗಿ ವಿಚಾರಿಸಿ ಬನ್ನಿ.

ಹೃದಯದ ರಕ್ತನಾಳ ನೋಡುವ ಆಂಜಿಯೋಗ್ರಾಂನಲ್ಲಿ ಚುಚ್ಚುವ ಬಣ್ಣದಿಂದ ಕಿಡ್ನಿ ಹೋಗುತ್ತದೆ ಅಂತ ಹೆದರಿ ಬೇಡ ಅನ್ನಬೇಡಿ. ಕಸಿ ಆಗಿದೆ, ಕ್ರಿಯಾಟಿನಿನ್ ಇಷ್ಟಿದೆ ಅಂತ ಹೇಳಿ. ಬಣ್ಣ ಕಡಿಮೆ ಬಳಸಿ ಮಾಡುವುದು ಅವರಿಗೆ ಗೊತ್ತಿರುತ್ತದೆ. ಕಸಿಯ ಮಾತ್ರೆ ಡಬ್ಬಿಯನ್ನು ಜೊತೆಗೇ ಒಯ್ಯಿರಿ, ಐಸಿಯುನಲ್ಲೂ ಆ ಮಾತ್ರೆ ತಪ್ಪಬಾರದು.

ನಮ್ಮ ಮನೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದೇವೆ. ಅವನ ಹೆಸರು, ರಕ್ತದ ಗುಂಪು, ಕಸಿ ಆದ ತಾರೀಕು, ಮಾತ್ರೆಗಳ ಪಟ್ಟಿ, ಫಿಸ್ಟುಲಾ ಯಾವ ಕೈಯಲ್ಲಿದೆ, ಕಸಿ ಡಾಕ್ಟರ ನಂಬರ್. ಅಮ್ಮನಿಗೆ ಗಾಬರಿಯಲ್ಲಿ ಮಾತು ಹೊರಡುವುದಿಲ್ಲ. ಅವಳು ಆ ಹಾಳೆ ಕಿತ್ತುಕೊಂಡು ಆಂಬುಲೆನ್ಸ್ ಹತ್ತಿದರೆ ಸಾಕು.

ಕಿಡ್ನಿ ಕೊಟ್ಟವರಿಗೂ ಒಂದು ಮಾತು

ನಾವೂ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಶುಗರ್, ಮೂತ್ರದ ಪ್ರೋಟೀನ್ ನೋಡಿಸಬೇಕು. ಕೊಟ್ಟವರನ್ನು ಎಲ್ಲರೂ ಮರೆತುಬಿಡುತ್ತಾರೆ, ನಮ್ಮನ್ನು ನಾವೇ ಮೊದಲು ಮರೆಯುತ್ತೇವೆ. ನಾನು ನನ್ನ ಟೆಸ್ಟ್ ಅನ್ನು ತಮ್ಮನ ಟೆಸ್ಟ್ ದಿನವೇ ಇಟ್ಟುಕೊಂಡಿದ್ದೇನೆ. ಅವನೇ ಹಿಂದಿನ ರಾತ್ರಿ ನೆನಪಿಸುತ್ತಾನೆ: "ಅಕ್ಕ, ನಾಳೆ ಖಾಲಿ ಹೊಟ್ಟೆ, ಕಾಫಿ ಕುಡೀಬೇಡ."